ಅತ್ತೆ ತುಂಬಿದ ಉಡಿ

ನನ್ನ ಯಜಮಾನರು ತೀರಿಕೊಂಡ ಮರುವರ್ಷದ ಶ್ರಾವಣ. ಹೈದರಾಬಾದಿನ ಕುಷಾಯಿಗೂಡದ ಮನೆಯಲ್ಲಿ ನಾನು, ಮರೆವಿನ ಕಾಯಿಲೆಯ ಅತ್ತೆ ಇಬ್ಬರೇ. ಮಗ ಸತ್ತದ್ದು ಅವರಿಗೆ ನೆನಪಿರುತ್ತಿರಲಿಲ್ಲ. "ಸಿದ್ದು ಎಲ್ಲಿ?" ಎಂದು ಕೇಳುತ್ತಿದ್ದರು. ಮೊದಮೊದಲು ನಿಜ ಹೇಳಿದೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅತ್ತರು. ಆಮೇಲೆ "ಡ್ಯೂಟಿಗಿ ಹೋಗ್ಯಾರ್ರೀ ಅತ್ತಿ" ಎನ್ನತೊಡಗಿದೆ. ಹಾಗೆಂದ ಮೇಲೆ ಅವರೆದುರು ನಾನು ಅಳುವಂತಿರಲಿಲ್ಲ. ಕಣ್ಣು ಮುಚ್ಚುವಂತೆಯೂ ಇರಲಿಲ್ಲ. ನನಗೆ ನಿದ್ದೆ ಹತ್ತಿದರೆ ಅವರು ಚಿಲಕ ತೆಗೆದು ಬೀದಿಗೆ ನಡೆದುಬಿಡುತ್ತಿದ್ದರು.

ನನ್ನ ಸ್ಥಿತಿ ಕೇಳಿ ನಾದಿನಿ ಶೈಲಾ ಕಲಬುರಗಿಯಿಂದ ಬಂದಳು. "ವೈನಿ, ಅವ್ವನ್ನ ನಾ ನೋಡ್ಕೋತೀನಿ. ನೀವು ಬೀದರಕ್ಕ, ತವರಿಗಿ ಹೋಗಿ ಒಂದ್ವಾರ ಮಲಗಿ ಬರ್ರಿ" ಎಂದಳು.

ಬ್ಯಾಗು ಹಿಡಿದು ಬಾಗಿಲಿಗೆ ಬಂದಾಗ ಅತ್ತೆ ತಡೆದರು. "ಹೆಣ್ಮಗಳು ಖಾಲಿ ಉಡೀಲೆ ಹೊಂಟಾಳ. ಶೈಲಾ, ಅಕ್ಕಿ ತಾ, ಕೊಬ್ಬರಿ ಬಟ್ಟಲ ತಾ."

ಗಂಡನಿಲ್ಲದವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಶೈಲಾ ನನ್ನ ಮುಖ ನೋಡಿದಳು. "ಬ್ಯಾಡ ಬಿಡವ್ವಾ..."

"ಯಾಕ ಬ್ಯಾಡ?"

ಯಾಕೆಂದು ಹೇಳಿದರೆ ಅವರ ಮಗ ಮತ್ತೊಮ್ಮೆ ಸಾಯಬೇಕಿತ್ತು. ನಾನು ಸೆರಗೊಡ್ಡಿದೆ.

ಅತ್ತೆ ನನ್ನ ಹಣೆಗೆ ಕುಂಕುಮ ಹಚ್ಚಿ ಅಕ್ಕಿ ಹಾಕತೊಡಗಿದರು. ಐದು ಬೊಗಸೆ ಹಾಕುವುದು ರೂಢಿ. ಅವರಿಗೆ ಎಣಿಕೆ ತಪ್ಪಿತು. "ಎರಡ, ಮೂರ" ಎಂದವರು ಮತ್ತೆ "ಎರಡ" ಎನ್ನುತ್ತ ಹಾಕುತ್ತಲೇ ಹೋದರು. ಸೆರಗು ಜಗ್ಗುತ್ತಿತ್ತು. ಹೊರಗೆ ಆಟೋದವನು "ಅಮ್ಮಾ, ಟೈಮೈತುಂದಿ" ಎಂದು ತೆಲುಗಿನಲ್ಲಿ ಅವಸರಪಡಿಸುತ್ತಿದ್ದ.

"ಸಾಕವ್ವಾ! ವೈನಿ ಅಲ್ಲಿ ಕಿರಾಣಿ ಅಂಗಡಿ ಇಡ್ತಾರೇನ?" ಶೈಲಾ ನಗಲು ನೋಡಿದಳು.

"ಸುಮ್ನಿರ ನೀ. ಆಕಿ ಮಾರಿ ನೋಡು, ಭಾಳ ದಣದಾಳ." ಆಮೇಲೆ ನನ್ನ ಗಲ್ಲ ಹಿಡಿದು ಕೇಳಿದರು, "ಯಾರ ಮಗಳವ್ವಾ ನೀ?"

ನನಗೆ ತಡೆಯಲಾಗಲಿಲ್ಲ. ಅವರ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ. "ಹುಚ್ಚಿ, ತವರಿಗಿ ಹೋಗೋರು ಅಳತಾರೇನ?" ಎನ್ನುತ್ತ ಬೆನ್ನು ಸವರಿದರು.

ಬೀದರಿನಲ್ಲಿ ನಮ್ಮವ್ವ ಏನೂ ಕೇಳದೆ ಆ ಅಕ್ಕಿಯಿಂದ ಅನ್ನ ಮಾಡಿ ಬಡಿಸಿದಳು. ಉಂಡು ಮಲಗಿದವಳಿಗೆ ಮರುದಿನ ಮಧ್ಯಾಹ್ನವೇ ಎಚ್ಚರ.

ಅತ್ತೆಯೂ ಈಗಿಲ್ಲ. ಹಾಗೆ ಉಡಿ ತುಂಬಿಸಿಕೊಂಡದ್ದು ತಪ್ಪೆಂದು ಕೆಲವರು ಅಂದರು. ಆದರೆ ನನ್ನವರು ಹೋದ ಮೇಲೆ ಮನಸಾರೆ ಅತ್ತದ್ದು ಅಂದೇ, ಅದೂ ಅವರನ್ನು ಹೆತ್ತವಳನ್ನು ಹಿಡಿದುಕೊಂಡು. ಅತ್ತೆಯದೂ ಆಗಿದ್ದ ದುಃಖವನ್ನು ಅವರಿಗೇ ತಿಳಿಯದಂತೆ ಅವರ ಹೆಗಲ ಮೇಲೆ ಇಳಿಸಿ ಬಂದಿದ್ದೆ.