ವಾಸನೆಯಿಲ್ಲದ ಬಣ್ಣ

ಅರವತ್ತರ ದಶಕದ ಕೊನೆಗೆ ಯಲಹಂಕದ ಹಳೇ ಊರಿನಲ್ಲಿ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುವ ಸೊಸೆ ಅಂದರೆ ನಾನೊಬ್ಬಳೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಅತ್ತೆಗೆ ಉಬ್ಬಸ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಆ ಘಾಟಿಗೆ, ಉಸಿರು ಕಟ್ಟುತ್ತಿತ್ತು. ಮನೆಯೋ ಇಷ್ಟಗಲ. ಒಂದು ದಿನ ಅವರು ಕೆಮ್ಮಿ ಕೆಮ್ಮಿ ಸುಸ್ತಾದ ಮೇಲೆ ಬ್ರಷ್ಷುಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದೆ. ಬಿಡು ಅಂತ ಅತ್ತೆ ಹೇಳಿರಲಿಲ್ಲ, ಗಂಡನೂ ಹೇಳಿರಲಿಲ್ಲ. ಜಗಳಕ್ಕೆ ಯಾರೂ ಸಿಗದೆ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಮುಂದಿನ ವರ್ಷ ವಿದೇಶದಿಂದ ಬಂದ ನನ್ನ ಅಣ್ಣ ಒಂದು ಡಬ್ಬಿ ಆಕ್ರಿಲಿಕ್ ಟ್ಯೂಬುಗಳನ್ನು ತಂದುಕೊಟ್ಟ. ನೀರಲ್ಲೇ ಕಲಸುವ ಬಣ್ಣ, ವಾಸನೆ ಇಲ್ಲವೆಂದೇ ಹೇಳಬೇಕು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಣ್ಣೆಯ ಅಸ್ತರು ಬಳಿದಿಟ್ಟಿದ್ದ ಹಳೇ ಕ್ಯಾನ್ವಾಸಿನ ಮೇಲೆಯೇ ಶುರುಮಾಡಿದೆ. ವಾರದೊಳಗೆ, ಉಗುರು ತಾಗಿದಲ್ಲೆಲ್ಲ ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಬಣ್ಣವನ್ನು ಬೈದೆ. "ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ" ಅಂದರು ಅತ್ತೆ. ಡೊಂಕು ನಿಜವಾಗಿ ನೆಲದ್ದೇ ಆಗಿತ್ತು. ಎಣ್ಣೆ ಕುಡಿದ ಮೈ ನೀರಿನ ಬಣ್ಣವನ್ನು ಹಿಡಿಯುವುದಿಲ್ಲ.

ನಾನು ಹಟಮಾರಿ. ಪ್ಲೈವುಡ್ ಹಲಗೆಗೆ ಎಣ್ಣೆ ಸೋಂಕದ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದೆ. ಒಗ್ಗರಣೆಗೆ ಎದ್ದುಹೋಗಿ ಬರುವಷ್ಟರಲ್ಲಿ ತಟ್ಟೆಯ ಬಣ್ಣ ಒಣಗಿ ಕಲ್ಲಾಗುತ್ತಿತ್ತು. ಮಲ್ಲಿಗೆ ಮೊಗ್ಗಿಗೆ ಮಾಡುವಂತೆ ತಟ್ಟೆಗೂ ಒದ್ದೆ ಬಟ್ಟೆ ಹಾಸಿದೆ. ಆಮೇಲೆ ಆ ಬೇಗ ಒಣಗುವ ಗುಣವನ್ನೇ ದುಡಿಸಿಕೊಂಡೆ. ನಾನು ಬರೆಯುತ್ತಿದ್ದದ್ದು ರಾಜಾನುಕುಂಟೆ ದಾರಿಯ ದ್ರಾಕ್ಷಿ ತೋಟ. ಕಪ್ಪು ದ್ರಾಕ್ಷಿಯ ಮೇಲೆ ಬೂದಿ ಸವರಿದಂಥ ಮಬ್ಬು ಇರುತ್ತದಲ್ಲ, ಎಣ್ಣೆಬಣ್ಣದಲ್ಲಿ ಅದು ನನಗೆ ಒಮ್ಮೆಯೂ ಒಲಿದಿರಲಿಲ್ಲ. ಈಗ ನೀರುನೀರಾದ ಬಿಳಿಯನ್ನು ಎಳೆದೆ, ಒಣಗಿದ ಕೂಡಲೇ ಅದರ ಮೇಲೆ ಇನ್ನೊಂದು ಪದರ. ಅಡಿಯ ನೇರಳೆ ಒಂಚೂರೂ ಕದಡಲಿಲ್ಲ. ಎಂಥ ಹೆಮ್ಮೆಯಾಯಿತು ನನಗೆ. ಅತ್ತೆ ಮಂಚದ ಮೇಲಿಂದಲೇ, "ಇನ್ನೊಂಚೂರು ಬೂದಿ ಹಾಕೇ, ತೊಳ್ದಿಟ್ಟ ಹಣ್ಣಿನ್ ಥರ ಇದೆ" ಅಂತ ಸಲಹೆ ಕೊಡುತ್ತಿದ್ದರು. ಆ ಚಿತ್ರ ಮುಗಿಯುವವರೆಗೂ ಬಣ್ಣದ ದೆಸೆಯಿಂದ ಅವರು ಕೆಮ್ಮಲಿಲ್ಲ.

ಆ ಚಿತ್ರ ಪೇಟೆಯ ಕಲಾಪ್ರದರ್ಶನವೊಂದಕ್ಕೆ ಆಯ್ಕೆಯಾಯಿತು. ಅತ್ತೆಯೂ ಬರುತ್ತೇನೆಂದು ಹೊರಟರು. ಗೋಡೆ ತುಂಬ ಹೊಸದಾಗಿ ವಾರ್ನಿಷ್ ಬಳಿದ ಎಣ್ಣೆಚಿತ್ರಗಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಅವನ್ನೆಲ್ಲ ಬೇಗ ಬೇಗ ದಾಟಿದರು. ನನ್ನ ಚಿತ್ರದ ಮುಂದೆ ನಿಂತಿದ್ದ ಹಿರಿಯ ಕಲಾವಿದರೊಬ್ಬರು, "ಇದು ಪ್ಲಾಸ್ಟಿಕ್ ಬಣ್ಣ ಕಣಮ್ಮ. ಎಣ್ಣೆ ವಾಸ್ನೆನೇ ಇಲ್ದೆ ಚಿತ್ರ ಹೇಗಾಗತ್ತೆ?" ಅಂದರು. ನನ್ನ ನಾಲಿಗೆಯ ತುದಿಯಲ್ಲೊಂದು ಉತ್ತರವಿತ್ತು, ಅಷ್ಟು ಒಳ್ಳೆಯದಲ್ಲ.

ಅತ್ತೆ ನನಗಿಂತ ಮೊದಲೇ ಬಾಯಿ ತೆರೆದರು. "ವಾಸ್ನೆ ಇದ್ದಿದ್ರೆ ಅವ್ಳು ಇದನ್ನ ಬರೀತಾನೇ ಇರ್ಲಿಲ್ಲ ಕಣ್ರೀ. ನನ್ ಮಂಚದ್ ಪಕ್ಕದಲ್ಲೇ ಕೂತು ಬರ್ದಿದ್ದು."

ಅಷ್ಟು ಹೇಳಿ ಸೆರಗನ್ನು ಮೂಗಿನಿಂದ ತೆಗೆದರು. ದ್ರಾಕ್ಷಿಗೊಂಚಲಿನ ಹತ್ತಿರಕ್ಕೆ ಮುಖ ಒಯ್ದು, ಆ ಕಲಾವಿದರಿಗೆ ಕಾಣುವಂತೆ, ಎದೆ ತುಂಬ ಉಸಿರೆಳೆದುಕೊಂಡರು.