ತಡಮೆಯವರೆಗೆ

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನೂ ನನ್ನ ಯಜಮಾನರೂ ಇನ್ನಂಜೆಯ ಗದ್ದೆಗಳ ನಡುವಿನ ಹುಣಿಯ ಮೇಲೆ ಮನೆಗೆ ಹೊರಟಿದ್ದೆವು. ಇಬ್ಬರಿಗೂ ಒಂದೇ ಶಾಲೆಯಲ್ಲಿ ಕೆಲಸ. ಮನೆಯಲ್ಲಿ ತುಳು, ದಾರಿಯಲ್ಲಿ ಮಾತ್ರ, ನಾಲಗೆ ಪಳಗಲೆಂದು, ಕನ್ನಡ. ನಮ್ಮದೊಂದು ಕ್ರಮವಿತ್ತು. ದನ ನುಗ್ಗದಂತೆ ಗದ್ದೆಯಂಚಿಗೆ ಕಟ್ಟಿದ ಬಿದಿರಿನ ತಡಮೆ ಬರುವವರೆಗೆ ಆ ದಿನದ ಪಾಠದಲ್ಲಿ ತನ್ನ ಕುಂದೇನೆಂದು ಒಬ್ಬರು ಹೇಳಿಕೊಳ್ಳಬೇಕು. ತಡಮೆ ದಾಟಿದ ಮೇಲೆ ಒಳ್ಳೆಯದನ್ನು ಇನ್ನೊಬ್ಬರು ಹೇಳಬೇಕು. ತನ್ನ ಒಳ್ಳೆಯದನ್ನು ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ನಾಚಿಕೆ.

“ಭಿನ್ನರಾಶಿ ಇವತ್ತು ನನ್ನ ಕೈಯಲ್ಲಿ ಸತ್ತೇ ಹೋಯಿತು ಮಾರಾಯ್ತಿ. ದೋಸೆ ಹರಿದು ತೋರಿಸಿದೆ. ಮಕ್ಕಳ ಕಣ್ಣೆಲ್ಲ ದೋಸೆಯ ಮೇಲೆ!”

“ತಡಮೆ ದಾಟಿ, ಬದುಕಿಸ್ತೇನೆ,” ಎಂದೆ. ನಕ್ಕರು.

ಸೋಮವಾರ ಇನ್‌ಸ್ಪೆಕ್ಟರು ಬಂದರು. ರಾಜ್ಯ ಒಂದಾದ ಮೇಲೆ ಘಟ್ಟದ ಮೇಲಿನಿಂದ ಬಂದ ಹೊಸಬರು. ಯಜಮಾನರ ಕೆಲಸ ಕಾಯಂ ಆಗುವುದು ಅವರ ಕೈಯಲ್ಲಿತ್ತು.

“ನಿಮ್ಮ ಕೆಲಸದ ಬಗ್ಗೆ ನೀವೇ ಹೇಳಿ ಮೇಷ್ಟ್ರೇ.”

ಇವರು ದಾರಿಯಲ್ಲಿ ಹೇಳುವಂತೆಯೇ ಕುಂದುಗಳನ್ನೆಲ್ಲ ಹೇಳಿ ಅಲ್ಲಿಗೇ ನಿಲ್ಲಿಸಿದರು. ಮಿಕ್ಕದ್ದನ್ನು ಹೇಳಬೇಕಾದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.

“ಒಳ್ಳೇದು ಒಂದೂ ಇಲ್ವೇನ್ರೀ?”

“ಅದನ್ನು ನಾನು ಹೇಳುವುದಾ ಸಾರ್?”

“ಹೋಗ್ಲಿ, ಮುಂದಿನ ವರ್ಷಕ್ಕೆ ಏನು ಗುರಿ?”

“ಅರ್ಥ ಆಗದಿದ್ದರೆ ಮಕ್ಕಳು ಹೆದರದೆ ಹಾಗೆಂದು ಹೇಳಬೇಕು ಸಾರ್.”

“ಗುರಿಯೂ ಕುಂದೇ!” ಎಂದು ನಕ್ಕ ಇನ್‌ಸ್ಪೆಕ್ಟರು ಕಾಯಂ ಮಾಡುವುದನ್ನು ಮುಂದಿನ ವರ್ಷಕ್ಕೆ ಹಾಕಿದರು.

ಇವರಿಗೆ ಆ ಮುಂದಿನ ವರ್ಷ ಬರಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಜ್ವರವೆಂದು ಉಡುಪಿಯ ಆಸ್ಪತ್ರೆಗೆ ಸೇರಿದವರು ಮನೆಗೆ ಮರಳಲಿಲ್ಲ. ಅವರ ತರಗತಿಯನ್ನು ನನಗೆ ಕೊಟ್ಟರು.

ಮರುವರ್ಷ ಅದೇ ಇನ್‌ಸ್ಪೆಕ್ಟರು ಹಿಂದೆ ಕುಳಿತಿದ್ದಾಗ ನಾನು ಇವರು ಕಲಿಸಿದ್ದ ಮಕ್ಕಳಿಗೇ ಭಿನ್ನರಾಶಿ ಕಲಿಸುತ್ತಿದ್ದೆ. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

“ಟೀಚರೇ, ಎಂತದೂ ಅರ್ಥ ಆಗ್ಲಿಲ್ಲ. ಮಾಸ್ಟ್ರು ದೋಸೆ ಹರಿದು ಹೇಳಿದ್ರಲ್ಲಾ, ಹಾಗೆ ಹೇಳಿ.”

ಉಳಿದ ಮಕ್ಕಳೂ “ಹೌದು ಟೀಚರೇ” ಎಂದರು. ಇನ್‌ಸ್ಪೆಕ್ಟರು ಈ ಸಲ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆ ಸಂಜೆ ಒಬ್ಬಳೇ ಹುಣಿಯ ಮೇಲೆ ಬಂದೆ. ನನ್ನ ಪಾಠದ ಕುಂದನ್ನು ತುಟಿಯಲ್ಲೇ ಹೇಳಿಕೊಂಡೆ. ತಡಮೆ ದಾಟಿದೆ. ಯಜಮಾನರಿಗೆ ಹೇಳಬೇಕಾದ ಒಳ್ಳೆಯದು ನನ್ನ ಬಳಿ ಇತ್ತು. ಕೇಳಲು ಅವರಿರಲಿಲ್ಲ, ಈಗಲೂ ಇಲ್ಲ.