ಓಣಿಗೆಲ್ಲ ಒಂದೇ ಹಿತ್ತಾಳೆ ಕೊಡ

ಕರಿಬಸಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಇರದೆ ಏನು ಮಾಡೀತು? ಮದುವೆಯಾಗಿ ಭದ್ರಾವತಿಗೆ ಬಂದಾಗಿನಿಂದ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಇದ್ದಿಲು ಹೊತ್ತವಳು. ಗಂಡ ಧರ್ಮಪ್ಪ ಸಾಧು ಮನುಷ್ಯ. ಅವನ ಪಾಲಿನ ಜಗಳವನ್ನೂ ಇವಳೇ ಆಡಬೇಕಿತ್ತು.

ಮೂವತ್ತೆರಡನೇ ಇಸವಿಯ ಹೊತ್ತಿಗೆ ಲೋಕದ ವ್ಯಾಪಾರವೆಲ್ಲ ನೆಲಕಚ್ಚಿ, ಅದರ ಬಿಸಿ ಇವಳ ಇದ್ದಿಲು ಬುಟ್ಟಿಗೂ ತಟ್ಟಿತ್ತು. ವಾರದಲ್ಲಿ ಅರ್ಧಕ್ಕರ್ಧ ದಿನ ಕೆಲಸವೇ ಇಲ್ಲ. ಇದ್ದಿಲಿನ ಗುತ್ತಿಗೆದಾರ ಗೊಣಗುತ್ತಲೇ ವಾರವಾರ ಒಂದಿಷ್ಟು ರಾಗಿ ಅಳೆದು ಕೊಡುತ್ತಿದ್ದ. ಓಣಿಯ ಒಲೆಗಳು ಹೊತ್ತುತ್ತಿದ್ದದ್ದು ಆ ರಾಗಿಯಿಂದಲೇ.

ಆಗ ಬಂದರು ಚಂದ್ರಶೇಖರಪ್ಪನವರು, ಅರ್ಥಶಾಸ್ತ್ರ ಓದಿದವರು. ಈ ಮುಗ್ಗಟ್ಟಿನಲ್ಲಿ ಕೂಲಿಯವರ ಬದುಕು ಹೇಗೆ ಬದಲಾಗುತ್ತಿದೆ ಎಂದು ಮನೆಮನೆ ಹೊಕ್ಕು ನೋಡಿ ಬರೆಯುವುದು ಅವರ ಸಂಶೋಧನೆ. ಕರಿಬಸಮ್ಮನಿಗೆ ಖುಷಿಯೇ ಆಯಿತು. ಬರಲಿ, ಬರಿದಾದ ಮಡಕೆ ನೋಡಲಿ.

ಓಣಿಯ ಹಿರಿಯ ಚೌಡಯ್ಯನಿಗೆ ಮಾತ್ರ ಮಾನದ ಚಿಂತೆ ಹತ್ತಿತು. “ಮನೆಗೆ ಬಂದೋರಿಗೆ ಖಾಲಿ ಪಾತ್ರೆ ತೋರ್ಸೋದಾ? ಹೆಣ್ಣು ನೋಡೋಕೆ ಬಂದಾಗ ಪಕ್ಕದ ಮನೆ ಪಾತ್ರೆ ತಂದಿಡಲ್ವಾ, ಹಂಗೇ ಇದೂನೂ.”

ಅಷ್ಟೇ! ಅವನ ಮನೆಯ ಹಿತ್ತಾಳೆ ಕೊಡವೂ ಹೇಗೋ ಹೊಂದಿಸಿ ಬೇಯಿಸಿದ ಒಂದು ಪಾತ್ರೆ ಅನ್ನವೂ ಮೆರವಣಿಗೆ ಹೊರಟವು. ಚಂದ್ರಶೇಖರಪ್ಪನವರು ಒಂದು ಮನೆ ನೋಡಿ ಮುಂಬಾಗಿಲಲ್ಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವು ಹಿತ್ತಲಿನಿಂದ ಮುಂದಿನ ಮನೆ ಸೇರುತ್ತಿದ್ದವು.

“ಥೂ, ನಾಚ್ಕೆ ಆಗಲ್ವಾ?” ಎಂದು ಕರಿಬಸಮ್ಮ ಕೂಗಾಡಿದಳು.

“ಓಣಿ ಮಾನ ಕಳೀಬೇಡ ಮಾರಾಯ್ತಿ,” ಎಂದು ಚೌಡಯ್ಯ ಕೈಮುಗಿದ.

ಹಲ್ಲು ಕಚ್ಚಿಕೊಂಡು ಅವಳೂ ಕೊಡವನ್ನು ಒಲೆಯ ಪಕ್ಕ ಇಟ್ಟಳು.

ಕೂಲಿಯವರು ಅನ್ನ ಉಣ್ಣುತ್ತಾರೆ, ಹಿತ್ತಾಳೆ ಬಳಸುತ್ತಾರೆ, ಸ್ಥಿತಿ ಸುಧಾರಿಸಿದೆ ಎಂದು ವರದಿಯಾಯಿತು. ಗುತ್ತಿಗೆದಾರ ಅದನ್ನೇ ನೆಪ ಮಾಡಿಕೊಂಡು ರಾಗಿ ನಿಲ್ಲಿಸಿಬಿಟ್ಟ.

ಕರಿಬಸಮ್ಮ ಶಿವಮೊಗ್ಗಕ್ಕೆ ನಡೆದೇ ಹೋದಳು. ಚಂದ್ರಶೇಖರಪ್ಪನವರು ದುರ್ಗಿಗುಡಿಯಲ್ಲಿ ಅಕ್ಕನ ಮನೆಯಲ್ಲಿ ಇಳಿದುಕೊಂಡಿದ್ದರು. ಅವರನ್ನು ಜಗಲಿಗೆ ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದಳು.

“ಗೊತ್ತಾಗಿತ್ತು ಕಣಮ್ಮ,” ಎಂದರು ಅವರು ಮೆಲ್ಲಗೆ. “ಎಲ್ಲಾ ಮನೇಲೂ ಅದೇ ಕೊಡ. ಅಷ್ಟು ಕಷ್ಟಪಟ್ಟು ಮರ್ಯಾದೆ ಕಾಪಾಡ್ಕೊಂಡಿದ್ರಿ. ನಾನ್ಯಾಕೆ ಕಳೀಲಿ ಅಂತ ತೋರಿಸಿದ್ದನ್ನೇ ಬರೆದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವರ ಓದಿಗೆ ಬೆಂಕಿ ಬೀಳಲಿ, ಚೌಡಯ್ಯನ ಮಾನಕ್ಕೂ ಬೀಳಲಿ!

ಮಾತು ತಣ್ಣಗಾಗಲೆಂದು ಅಕ್ಕ ಒಳಗಿನಿಂದ ಬಂದು, “ಊಟ ಆಯ್ತೇನಮ್ಮ?” ಎಂದರು.

ಆಯ್ತು ಎನ್ನಬೇಕೆಂದು ಹೆತ್ತಮ್ಮ ಕಲಿಸಿದ್ದಳು. ಹೊಟ್ಟೆ ಬೆನ್ನಿಗೆ ಹತ್ತಿದ ದಿನಗಳಲ್ಲೂ ಕಂಡವರ ಮನೆಯಲ್ಲಿ ಅದನ್ನೇ ಹೇಳಿಕೊಂಡು ಬಂದವಳು. ಈಗಲೂ ನಾಲಿಗೆಯ ತುದಿಗೆ ಬಂದಿತ್ತು.

“ಇಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. “ಆಗಿಲ್ಲ ತಾಯಿ. ನಿನ್ನೇನೂ ಆಗಿಲ್ಲ. ನನ್ ಗಂಡಂಗೂ ಆಗಿಲ್ಲ, ಆ ಚೌಡಯ್ಯಂಗೂ ಆಗಿಲ್ಲ. ಬರ್ಕೊಳ್ಳಿ ಸ್ವಾಮಿ, ಈಗ ಬರ್ಕೊಳ್ಳಿ!”

ಎದುರು ಮನೆಯವರು ಹೊರಗೆ ಬಂದರು. ಚಂದ್ರಶೇಖರಪ್ಪನವರು ತಲೆ ತಗ್ಗಿಸಿ ನಿಂತರೇ ಹೊರತು ಒಂದು ಅಕ್ಷರ ಬರೆಯಲಿಲ್ಲ. ಅಕ್ಕ ಎಲೆ ಹಾಕಿದರು. ಕರಿಬಸಮ್ಮ ಆ ಜಗಲಿಯ ಮೇಲೇ ಕೂತು, ಎಲ್ಲರ ಕಣ್ಣೆದುರಿಗೆ, ಕೇಳಿ ಕೇಳಿ ಬಡಿಸಿಕೊಂಡು ಉಂಡಳು.